ಗಂಟೆ ಮಾತ್ರ ಮೇಲೆ ಬಂತು: ಜೇಕಬ್ ಜೋನ್ಸ್ ಎಂಬ ಡೆಸ್ಟ್ರಾಯರ್ ಮತ್ತು ಕಾವಲಿಲ್ಲದ ಕಾನೂನು

2024ರ ಜನವರಿ. ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯಿಂದ ಬಹಳ ದೂರ ಬ್ರಿಟನ್ ರಕ್ಷಣಾ ಇಲಾಖೆಯ ತಂಡವೊಂದು ರಿಮೋಟ್‌ನಲ್ಲಿ ನಡೆಯುವ ಯಂತ್ರವನ್ನು ಸಮುದ್ರದ ತಳಕ್ಕೆ ಇಳಿಸಿತು. ಅಲ್ಲಿ 1917ರ ಡಿಸೆಂಬರ್‌ನಿಂದ ಒಂದು ಅಮೆರಿಕನ್ ಯುದ್ಧನೌಕೆ ಬಿದ್ದಿದೆ. ಹೆಸರು ಯುಎಸ್‌ಎಸ್ ಜೇಕಬ್ ಜೋನ್ಸ್. ಯಂತ್ರ ಹಡಗಿನ ಗಂಟೆಯೊಂದನ್ನು ಎತ್ತಿಕೊಂಡು ಮೇಲೆ ಬಂತು. ಒಂದು ಹೂವಿನ ಹಾರ ಮತ್ತು ಅಮೆರಿಕದ ಧ್ವಜವನ್ನು ಅಲ್ಲೇ ಬಿಟ್ಟು ಬಂತು. ಬೇರೆ ಏನನ್ನೂ ಮುಟ್ಟಲಿಲ್ಲ.

ಸುದ್ದಿ ಚಿಕ್ಕದು, ಆದರೆ ಸ್ವಲ್ಪ ವಿಚಿತ್ರ. ಮುಳುಗಿದ ಯುದ್ಧನೌಕೆಗಳ ವಿಷಯದಲ್ಲಿ ಅಮೆರಿಕ ನೌಕಾಪಡೆಯ ಧೋರಣೆ ಸ್ಪಷ್ಟ: ಇದ್ದಲ್ಲೇ ಇರಲಿ, ಯಾರೂ ಕೈ ಹಾಕಬೇಡಿ. ಒಳಗೆ ಸತ್ತವರಿದ್ದಾರೆ, ಅದು ಸಮಾಧಿ. ಹಾಗಿದ್ದರೆ ಅದೇ ನೌಕಾಪಡೆಯ ಇತಿಹಾಸ ವಿಭಾಗ ಬ್ರಿಟಿಷರನ್ನು ಕೇಳಿಕೊಂಡು ಈ ಗಂಟೆಯನ್ನು ಯಾಕೆ ಎತ್ತಿಸಿತು? ಅವರೇ ಕೊಟ್ಟ ಉತ್ತರ: ನಾವು ಎತ್ತದಿದ್ದರೆ ಬೇರೆ ಯಾರಾದರೂ ಕದ್ದೊಯ್ಯುವ ಅಪಾಯ ಇತ್ತು. ಅಂದರೆ, ಕಾನೂನು ನಮ್ಮ ಕಡೆ ಇದೆ, ಆದರೆ ಕಾಯಲು ಆಗುತ್ತಿಲ್ಲ ಎಂದು ಒಪ್ಪಿಕೊಂಡ ಹಾಗೆ. ನನಗೆ ಈ ಸುದ್ದಿಯಲ್ಲಿ ಗಂಟೆಗಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಇದೇ.

ಅದಕ್ಕೆ ಮೊದಲು ಹಡಗಿನ ಕಥೆ ಗೊತ್ತಿರಬೇಕು. ಎರಡು ವರ್ಷ ತುಂಬುವ ಮೊದಲೇ ಮುಗಿದುಹೋದ ಸೇವೆ ಅದರದ್ದು. ಆದರೆ ಆ ಅವಧಿಯಲ್ಲಿ ನಡೆದದ್ದನ್ನು ಓದಿದರೆ ಯಾರೋ ಕೂತು ಹೆಣೆದ ಕಥೆಯೇನೋ ಅನ್ನಿಸುತ್ತದೆ.

ಡೆಸ್ಟ್ರಾಯರ್ ಅಂದರೆ ಈಗ ನಮ್ಮ ಕಣ್ಣಮುಂದೆ ಬರುವುದು ಕ್ಷಿಪಣಿ ಹೊತ್ತ ದೊಡ್ಡ ಹಡಗು. ಶುರುವಿನಲ್ಲಿ ಹಾಗಿರಲಿಲ್ಲ. ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಆಯುಧ) ಹೊತ್ತು ನುಗ್ಗುವ ಚಿಕ್ಕ ದೋಣಿಗಳನ್ನು ಬೆನ್ನಟ್ಟಿ ಹೊಡೆಯುವುದಷ್ಟೇ ಅದರ ಕೆಲಸ. ಅಮೆರಿಕದ ಮೊದಲ ಡೆಸ್ಟ್ರಾಯರ್ ಬೇನ್‌ಬ್ರಿಜ್ 1902ರಲ್ಲಿ ಸೇವೆಗೆ ಬಂದಾಗ ಅದರ ತೂಕ ಸುಮಾರು 420 ಟನ್ ಮಾತ್ರ. ಹತ್ತು ಹನ್ನೆರಡು ವರ್ಷದಲ್ಲಿ ಈ ಹಡಗುಗಳು ಬೆಳೆದು ಸಾವಿರ ಟನ್ ದಾಟಿದವು. ಕಲ್ಲಿದ್ದಲು ಹೋಗಿ ಎಣ್ಣೆ ಬಂತು. ಜೇಕಬ್ ಜೋನ್ಸ್ ಈ ‘ಸಾವಿರ ಟನ್ನಿನ’ ಪೀಳಿಗೆಯದು. ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ 1914ರ ಆಗಸ್ಟ್‌ನಲ್ಲಿ ಕಟ್ಟಲು ಶುರು ಮಾಡಿದರು. 1916ರ ಫೆಬ್ರವರಿ 10ರಂದು ನೌಕಾಪಡೆಗೆ ಸೇರಿತು. ಉದ್ದ ಸುಮಾರು 96 ಮೀಟರ್, ಅಗಲ 9 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ನಾಲ್ಕು ಫಿರಂಗಿ, ಎಂಟು ಟಾರ್ಪಿಡೊ ನಳಿಗೆ, ನೂರರ ಆಸುಪಾಸಿನಲ್ಲಿ ಜನ.

ಹೆಸರು 1812ರ ಯುದ್ಧದ ಒಬ್ಬ ಕಪ್ತಾನನದು. ಆತ ಬ್ರಿಟಿಷರ ಫ್ರಾಲಿಕ್ ಎಂಬ ಹಡಗನ್ನು ಸೋಲಿಸಿ ಹಿಡಿದ. ಆದರೆ ಅದೇ ದಿನ ಇನ್ನೊಂದು ದೊಡ್ಡ ಬ್ರಿಟಿಷ್ ಹಡಗು ಬಂದು ಅವನನ್ನೇ ಹಿಡಿಯಿತು. ಈ ಹೆಸರಿಗೂ ಅದೃಷ್ಟಕ್ಕೂ ಅಷ್ಟಾಗಿ ಆಗಿಬಂದಿಲ್ಲ ಎನ್ನುವುದಕ್ಕೆ ಮುಂದೆ ಇನ್ನೂ ಒಂದು ಪುರಾವೆ ಇದೆ.

1916ರ ಅಕ್ಟೋಬರ್‌ಗೆ ಬರೋಣ. ಯುರೋಪ್ ಹೊತ್ತಿ ಉರಿಯುತ್ತಿತ್ತು, ಅಮೆರಿಕ ಇನ್ನೂ ತಟಸ್ಥ. 7ನೇ ತಾರೀಕು ರೋಡ್ ಐಲೆಂಡಿನ ನ್ಯೂಪೋರ್ಟ್ ಬಂದರಿಗೆ ಯಾರೂ ನಿರೀಕ್ಷಿಸದ ಅತಿಥಿ ಬಂತು. ಜರ್ಮನಿಯ ಯು-53 ಜಲಾಂತರ್ಗಾಮಿ, ಅದೂ ಹಾಡಹಗಲೇ, ಧ್ವಜ ಹಾರಿಸಿಕೊಂಡು. ಅದರ ಕಪ್ತಾನ ಹಾನ್ಸ್ ರೋಸ್ ಅಮೆರಿಕದ ಅಡ್ಮಿರಲ್‌ಗಳನ್ನು ಕಂಡು ಶಿಷ್ಟಾಚಾರದ ಭೇಟಿ ಮುಗಿಸಿದ. ಕೆಲವೇ ಗಂಟೆಗಳಲ್ಲಿ ಹೊರಟೂ ಹೋದ. ತಟಸ್ಥ ದೇಶದ ಬಂದರಿನಲ್ಲಿ ಜಾಸ್ತಿ ಹೊತ್ತು ನಿಂತರೆ ಹಡಗನ್ನೇ ಹಿಡಿದಿಟ್ಟುಕೊಳ್ಳುವ ಭಯ ಇತ್ತಲ್ವಾ.

ಮರುದಿನ ಭಾನುವಾರ. ನ್ಯಾಂಟಕೆಟ್ ದ್ವೀಪದ ಹತ್ತಿರದಿಂದ ವೈರ್‌ಲೆಸ್ ಸಂದೇಶಗಳು ಬರತೊಡಗಿದವು: ಜಲಾಂತರ್ಗಾಮಿಯೊಂದು ಹಡಗುಗಳನ್ನು ತಡೆದು ಮುಳುಗಿಸುತ್ತಿದೆ. ನ್ಯೂಪೋರ್ಟ್‌ನಲ್ಲಿದ್ದ ಡೆಸ್ಟ್ರಾಯರ್‌ಗಳಿಗೆ ಆಜ್ಞೆ ಹೋಯಿತು. ಜೇಕಬ್ ಜೋನ್ಸ್ ಕೂಡ ಹೊರಟಿತು. ಅವು ಸಂಜೆ ಅಲ್ಲಿಗೆ ತಲುಪಿದಾಗ ರೋಸ್ ಇನ್ನೂ ಕೆಲಸದಲ್ಲೇ ಇದ್ದ. ಅಮೆರಿಕದ ಸಮುದ್ರ ಗಡಿಯಿಂದ ಹೊರಗೆ ನಿಂತು, ಜನರನ್ನು ಇಳಿಯಲು ಬಿಟ್ಟು, ಆಮೇಲೆ ಹಡಗು ಮುಳುಗಿಸುತ್ತಿದ್ದ. ಆಗಿನ ನಿಯಮದ ಪ್ರಕಾರ ಅಮೆರಿಕನ್ನರಿಗೆ ಮಧ್ಯೆ ಹೋಗುವ ಹಕ್ಕಿಲ್ಲ. ಸುಮ್ನೆ ನೋಡಬೇಕು, ದೋಣಿಯಲ್ಲಿದ್ದವರನ್ನು ಎತ್ತಿಕೊಳ್ಳಬೇಕು, ಅಷ್ಟೇ. ಒಂದು ಹಂತದಲ್ಲಂತೂ ರೋಸ್, ಸ್ವಲ್ಪ ಪಕ್ಕಕ್ಕೆ ಸರಿಯಿರಿ, ನನ್ನ ಗುರಿಗೆ ಅಡ್ಡ ಬರುತ್ತಿದ್ದೀರಿ ಎಂಬಂತೆ ಒಂದು ಡೆಸ್ಟ್ರಾಯರ್‌ಗೆ ಸಂಕೇತ ಕಳಿಸಿದ. ಅದು ಸರಿಯಿತು ಕೂಡ!

ಆ ದಿನ ಐದು ಹಡಗು ಮುಳುಗಿದವು. ಮೂರು ಬ್ರಿಟನ್ನಿನವು, ಒಂದು ಡಚ್ಚರದು, ಒಂದು ನಾರ್ವೆಯದು. ಕೈಕಟ್ಟಿ ನಿಂತಿದ್ದಕ್ಕೆ ಬ್ರಿಟನ್ನಿನಲ್ಲಿ ಸಿಟ್ಟು ಬಂತು. ಜೇಕಬ್ ಜೋನ್ಸ್‌ನ ನಾವಿಕರು ತಮ್ಮ ಹಡಗನ್ನೇ ಮುಂದೆ ಮುಳುಗಿಸಲಿರುವ ಜಲಾಂತರ್ಗಾಮಿಯನ್ನು ಅವತ್ತು ಹತ್ತಿರದಿಂದ ನೋಡಿದ್ದರು. ಅದು ಅವರಿಗೆ ಹೇಗೆ ಗೊತ್ತಾಗಬೇಕು?

1917ರ ಏಪ್ರಿಲ್‌ನಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಆ ಒಂದೇ ತಿಂಗಳಲ್ಲಿ ಜರ್ಮನ್ ಜಲಾಂತರ್ಗಾಮಿಗಳು 8 ಲಕ್ಷ ಟನ್‌ಗೂ ಜಾಸ್ತಿ ಹಡಗುಗಳನ್ನು ಮುಳುಗಿಸಿದ್ದವು. ಬ್ರಿಟನ್ನಿಗೆ ಊಟದ ಚಿಂತೆ ಶುರುವಾಗಿತ್ತು. ಆಗ ಬೇಕಾಗಿದ್ದು ದೈತ್ಯ ಯುದ್ಧನೌಕೆಗಳಲ್ಲ, ಡೆಸ್ಟ್ರಾಯರ್‌ಗಳು. ಜೇಕಬ್ ಜೋನ್ಸ್ ಮೇ 7ರಂದು ಬೋಸ್ಟನ್ ಬಿಟ್ಟು ಹತ್ತು ದಿನದಲ್ಲಿ ಐರ್ಲೆಂಡಿನ ಕ್ವೀನ್ಸ್‌ಟೌನ್ ಸೇರಿತು. ಈಗ ಆ ಊರಿನ ಹೆಸರು ಕೋವ್.

ಅಲ್ಲಿಂದ ಅದು ಮಾಡಿದ ಕೆಲಸದ ಪಟ್ಟಿ ನೋಡಿ. ಜುಲೈ 8ರಂದು ವಾಲೆಟ್ಟಾ ಎಂಬ ಬ್ರಿಟಿಷ್ ಹಡಗಿನಿಂದ 44 ಜನರನ್ನು ಎತ್ತಿಕೊಂಡಿತು. ಎರಡು ವಾರದ ನಂತರ ಡಾಫಿಲಾ ಎಂಬ ಹಡಗಿಗೆ ಕಾವಲಾಗಿ ಹೋಗುತ್ತಿತ್ತು. ನೀರಿನ ಮೇಲೆ ಪೆರಿಸ್ಕೋಪ್ ಕಂಡಿತು. ಆದರೆ ಹೋಗಿ ಹೊಡೆಯುವಷ್ಟರಲ್ಲಿ ಡಾಫಿಲಾಗೆ ಟಾರ್ಪಿಡೊ ಬಡಿದಾಗಿತ್ತು. ಅಲ್ಲಿಂದ 25 ಜನ. ಅಕ್ಟೋಬರ್ 19ರಂದು ಒರಾಮಾ ಎಂಬ ದೊಡ್ಡ ಹಡಗು ಮುಳುಗುವಾಗ ಬದುಕಿದ 478 ಜನರಲ್ಲಿ 309 ಮಂದಿಯನ್ನು ಇದೊಂದೇ ಹಡಗು ತುಂಬಿಕೊಂಡಿತು. ನೂರು ಚಿಲ್ಲರೆ ಜನರಿಗೆ ಮಾಡಿದ ಹಡಗು. ಒಳಗೆ ಮಲಗಲು ಜಾಗ ಸಾಲದು. ಅದರ ಮೇಲೆ ಮೂರು ಪಟ್ಟು ಜನ, ಒದ್ದೆ ಬಟ್ಟೆಯಲ್ಲಿ, ಅಟ್ಲಾಂಟಿಕ್‌ನ ಅಕ್ಟೋಬರ್ ಚಳಿಯಲ್ಲಿ!

ಒಟ್ಟು ಲೆಕ್ಕ ಹಾಕಿದರೆ ಆ ಮೂರು ಸಲಕ್ಕೇ 378 ಜೀವ. ಅದು ಮುಳುಗಿಸಿದ ಜಲಾಂತರ್ಗಾಮಿ? ಒಂದೂ ಇಲ್ಲ. ಯುದ್ಧನೌಕೆಯ ಸಾಧನೆಯನ್ನು ಹೊಡೆದು ಉರುಳಿಸಿದ್ದರಲ್ಲಿ ಅಳೆಯುವ ಅಭ್ಯಾಸ ನಮಗಿದೆ. ಆ ಲೆಕ್ಕದಲ್ಲಿ ಜೇಕಬ್ ಜೋನ್ಸ್‌ಗೆ ಸೊನ್ನೆ ಅಂಕ. ಆದರೆ ಆಗ ನೀರಿನಡಿ ಇರುವ ಶತ್ರುವನ್ನು ಹುಡುಕುವ ಒಳ್ಳೆಯ ಉಪಕರಣವೇ ಇರಲಿಲ್ಲ. ಪೆರಿಸ್ಕೋಪ್ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹತ್ತಿರದಲ್ಲಿ ಡೆಸ್ಟ್ರಾಯರ್ ಇದೆ ಎನ್ನುವ ಭಯಕ್ಕೆ ಜಲಾಂತರ್ಗಾಮಿ ತಲೆ ಎತ್ತದೆ ಇದ್ದರೆ, ಅದೇ ಗೆಲುವು.

ಡಿಸೆಂಬರ್ 6. ಒಂದು ಹಡಗು ತಂಡವನ್ನು ಫ್ರಾನ್ಸಿನ ಬ್ರೆಸ್ಟ್ ಬಂದರಿಗೆ ತಲುಪಿಸಿ ಕ್ವೀನ್ಸ್‌ಟೌನ್‌ಗೆ ಮರಳುವ ದಾರಿ. ಜೇಕಬ್ ಜೋನ್ಸ್ ಒಂಟಿಯಾಗಿತ್ತು. ಸಂಜೆ 4 ಗಂಟೆ 20 ನಿಮಿಷದ ಹೊತ್ತಿಗೆ ಬಲಗಡೆಯಿಂದ ಟಾರ್ಪಿಡೊದ ಬಿಳಿ ಗೆರೆ ಕಂಡಿತು. ಕಂಡಾಗ ಅದು ಸುಮಾರು 700 ಮೀಟರ್ ದೂರದಲ್ಲಿತ್ತು. ಡೆಕ್ ಮೇಲೆ ಕಾವಲಿದ್ದ ಅಧಿಕಾರಿ ಸ್ಟಾಂಟನ್ ಕಾಕ್, ಚುಕ್ಕಾಣಿ ಪೂರ್ತಿ ಎಡಕ್ಕೆ ತಿರುಗಿಸಲು ಹೇಳಿದ. ಹಡಗು ತಿರುಗುವಷ್ಟು ಸಮಯ ಇರಲಿಲ್ಲ. ಟಾರ್ಪಿಡೊ ಬಲಬದಿಯ ಎಣ್ಣೆ ಟ್ಯಾಂಕಿನ ಹತ್ತಿರ ಹೊಕ್ಕಿತು. ಹೊಡೆದದ್ದು ಯು-53. ಕಪ್ತಾನ ಅದೇ ಹಾನ್ಸ್ ರೋಸ್. ದೂರ ಸುಮಾರು 2,700 ಮೀಟರ್. ಆ ಕಾಲದ ಟಾರ್ಪಿಡೊಗೆ ಅದು ಬಹಳ ದೊಡ್ಡ ಅಂತರ.

ಎಂಟೇ ನಿಮಿಷ. ಮಾಸ್ಟ್ ಮುರಿದು ವೈರ್‌ಲೆಸ್ ತಂತಿ ಹೋಯಿತು, ಕರೆಂಟೂ ಹೋಯಿತು. ಸಹಾಯ ಕೇಳಲು ದಾರಿಯೇ ಇಲ್ಲ. ಹತ್ತಿರ ಯಾರಾದರೂ ಇದ್ದರೆ ಕೇಳಲಿ ಎಂದು ಫಿರಂಗಿ ಹಾರಿಸಿದರು. ಯಾರೂ ಇರಲಿಲ್ಲ. ಇದಕ್ಕಿಂತ ಘೋರವಾದದ್ದು ಹಿಂಬದಿಯಲ್ಲಿತ್ತು. ಜಲಾಂತರ್ಗಾಮಿಗೆ ಎಸೆಯಲು ಸಿದ್ಧವಾಗಿಟ್ಟ ಸಿಡಿಗುಂಡುಗಳು ಅಲ್ಲಿದ್ದವು. ನಿಗದಿ ಆಳ ಮುಟ್ಟಿದರೆ ತಾವಾಗಿ ಸಿಡಿಯುವಂಥವು. ಹಿಂದಿನ ಡೆಕ್ ಆಗಲೇ ನೀರೊಳಗೆ ಹೋಗಿದ್ದರಿಂದ ಅವನ್ನು ನಿಷ್ಕ್ರಿಯ ಮಾಡಲು ಆಗಲಿಲ್ಲ. ಹಡಗು ಮುಳುಗುತ್ತಿದ್ದಂತೆ ಅವು ಸಿಡಿದವು. ನೀರಿಗೆ ಹಾರಿ ಬಚಾವಾದೆವು ಅಂದುಕೊಂಡವರಲ್ಲಿ ಕೆಲವರು ಹಾಗೆ ತಮ್ಮದೇ ಗುಂಡಿಗೆ ಸತ್ತರು.

ಉಳಿದವರು ತೆಪ್ಪ, ಚಿಕ್ಕ ದೋಣಿಗಳಲ್ಲಿ. 23 ವರ್ಷದ ಕಾಕ್ ಆಗಲೇ ಪೆಟ್ಟು ತಿಂದು ಸುಸ್ತಾಗಿದ್ದ. ಒಂದು ತೆಪ್ಪದಲ್ಲಿ ಭಾರ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಆ ತಣ್ಣೀರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಈಜಿ ಜನರನ್ನು ಸಮ ಹಂಚಿ ಕೂರಿಸುತ್ತಿದ್ದ. ಚಳಿ ತಾಳಲಾರದೆ ಅವನೇ ಹೋದ. ನಂತರ ಅಮೆರಿಕದ ಎರಡು ಡೆಸ್ಟ್ರಾಯರ್‌ಗಳಿಗೆ ಅವನ ಹೆಸರಿಟ್ಟರು. ಹಡಗಿನ ಕಮಾಂಡರ್ ಡೇವಿಡ್ ಬ್ಯಾಗ್ಲಿ ಕೆಲವರ ಜೊತೆ ಚಿಕ್ಕ ದೋಣಿಯಲ್ಲಿ ಸಹಾಯ ಹುಡುಕಿ ಸಿಲ್ಲಿ ದ್ವೀಪಗಳ ಕಡೆ ಹೊರಟ. ಅವನ ಅಣ್ಣ ವರ್ತ್ ಬ್ಯಾಗ್ಲಿ 1898ರ ಸ್ಪೇನ್ ಯುದ್ಧದಲ್ಲಿ ಹೋರಾಡುತ್ತಾ ಸತ್ತ ಏಕೈಕ ಅಮೆರಿಕನ್ ನೌಕಾ ಅಧಿಕಾರಿ. ನೌಕಾಪಡೆಯ ಮಂತ್ರಿ ಜೋಸೆಫಸ್ ಡೇನಿಯಲ್ಸ್ ಇವರ ಸಹೋದರಿಯ ಗಂಡ. ಬ್ಯಾಗ್ಲಿ ಬದುಕಿ ಮುಂದೆ ಅಡ್ಮಿರಲ್ ಆದ.

ಆಗ ಯು-53 ನೀರಿನ ಮೇಲೆ ಬಂತು. ಪೆಟ್ಟು ತಿಂದಿದ್ದ ಇಬ್ಬರನ್ನು ರೋಸ್ ಒಳಗೆ ಎತ್ತಿಕೊಂಡ. ಆಮೇಲೆ ಕ್ವೀನ್ಸ್‌ಟೌನ್‌ನ ನೆಲೆಗೇ ರೇಡಿಯೋ ಸಂದೇಶ ಕಳಿಸಿದ: ನಿಮ್ಮ ಹಡಗಿನವರು ಇಂಥ ಕಡೆ ತೇಲುತ್ತಿದ್ದಾರೆ. ಸಂದೇಶ ಕಳಿಸಿದರೆ ತಾನಿರುವ ಜಾಗವೂ ಬಯಲಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಾಗಂತ ಅವನನ್ನು ಸಂತ ಮಾಡುವ ಅಗತ್ಯ ಇಲ್ಲ. ಯುದ್ಧದಲ್ಲಿ 70ಕ್ಕೂ ಜಾಸ್ತಿ ಹಡಗುಗಳನ್ನು ಮುಳುಗಿಸಿದ ಮನುಷ್ಯ ಅವನು. ಅವತ್ತು ಸತ್ತ 60ಕ್ಕೂ ಹೆಚ್ಚು ಜನ ಅವನ ಟಾರ್ಪಿಡೊದಿಂದಲೇ ಸತ್ತದ್ದು. ಎರಡೂ ನಿಜ, ಎರಡನ್ನೂ ಹೇಳಬೇಕು. ಬದುಕಿದ್ದವರನ್ನು ಬೇರೆ ಬೇರೆ ಹಡಗುಗಳು ಆ ರಾತ್ರಿ ಮತ್ತು ಮರುದಿನ ಎತ್ತಿಕೊಂಡವು.

ಜೇಕಬ್ ಜೋನ್ಸ್ ಶತ್ರುವಿನ ಹೊಡೆತಕ್ಕೆ ಮುಳುಗಿದ ಮೊದಲ ಅಮೆರಿಕನ್ ಡೆಸ್ಟ್ರಾಯರ್. ‘ಶತ್ರುವಿನ ಹೊಡೆತಕ್ಕೆ’ ಎಂದು ಒತ್ತಿ ಹೇಳಲು ಕಾರಣ ಇದೆ. ಅದಕ್ಕೂ ಎರಡೂವರೆ ವಾರ ಮೊದಲು, ನವೆಂಬರ್ 19ರಂದು, ಚಾನ್ಸಿ ಎಂಬ ಹಳೆಯ ಡೆಸ್ಟ್ರಾಯರ್ ಜಿಬ್ರಾಲ್ಟರ್‌ನ ಪಶ್ಚಿಮಕ್ಕೆ ಮುಳುಗಿತ್ತು. ಜಲಾಂತರ್ಗಾಮಿಯ ಭಯಕ್ಕೆ ದೀಪ ಆರಿಸಿಕೊಂಡು ಹೋಗುತ್ತಿದ್ದ ಒಂದು ಬ್ರಿಟಿಷ್ ಹಡಗು ಕತ್ತಲಲ್ಲಿ ಬಂದು ಗುದ್ದಿ, ಕಪ್ತಾನನೂ ಸೇರಿ 21 ಜನ ಹೋದರು. ಆ ಬ್ರಿಟಿಷ್ ಹಡಗಿನ ಹೆಸರೂ ರೋಸ್! ಕಥೆಗಾರನೇನಾದರೂ ಹೀಗೆ ಬರೆದಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು.

ಈಗ ಇವತ್ತಿನ ಪ್ರಶ್ನೆಗೆ ಬರೋಣ. 2022ರ ಆಗಸ್ಟ್‌ನಲ್ಲಿ ಡಾರ್ಕ್‌ಸ್ಟಾರ್ ಎಂಬ ಬ್ರಿಟಿಷ್ ಡೈವಿಂಗ್ ತಂಡ ಕಾರ್ನ್‌ವಾಲ್‌ನ ನ್ಯೂಲಿನ್‌ನಿಂದ ಸುಮಾರು 60 ಮೈಲಿ ದೂರದಲ್ಲಿ, 115 ಮೀಟರ್ ಆಳದಲ್ಲಿ ಈ ಹಡಗನ್ನು ಪತ್ತೆ ಮಾಡಿತು. ಅವರು ಹವ್ಯಾಸಿಗಳು, ಆದರೆ ಬಹಳ ನುರಿತವರು. ಅಷ್ಟು ಆಳಕ್ಕೆ ಹೋದರೆ ತಳದಲ್ಲಿ ಸಿಗುವುದು ಕೆಲವೇ ನಿಮಿಷ. ಮೇಲೆ ಬರಲು ಗಂಟೆಗಟ್ಟಲೆ ಬೇಕು, ಇಲ್ಲದಿದ್ದರೆ ರಕ್ತದಲ್ಲಿ ಗಾಳಿ ಗುಳ್ಳೆ ಕಟ್ಟಿ ಪ್ರಾಣಕ್ಕೇ ಸಂಚಕಾರ. ಅವರು ಫೋಟೊ, ವಿಡಿಯೊ ತೆಗೆದರು. ಒಂದು ಮೊಳೆಯನ್ನೂ ತರಲಿಲ್ಲ. ಅಮೆರಿಕದವರಿಗೆ ತಿಳಿಸಿದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ಸರಿಯಾಗಿ ನಡೆದುಕೊಂಡವರು ಇವರೇ.

ಹಡಗು ಯಾರದ್ದು ಎನ್ನುವುದರಲ್ಲಿ ಗೊಂದಲ ಇಲ್ಲ. ಅಮೆರಿಕದಲ್ಲಿ ಮುಳುಗಿದ ಸೇನಾ ನೌಕೆಗಳ ಬಗ್ಗೆ 2004ರ ಒಂದು ಕಾಯ್ದೆ ಇದೆ. ಎಷ್ಟೇ ವರ್ಷ ಕಳೆದರೂ, ಯಾವ ಸಮುದ್ರದಲ್ಲಿದ್ದರೂ, ಸರ್ಕಾರವೇ ಸ್ಪಷ್ಟವಾಗಿ ಬಿಟ್ಟುಕೊಡದ ಹೊರತು ಅದು ಸರ್ಕಾರದ್ದೇ. ಅನುಮತಿಯಿಲ್ಲದೆ ಕೈ ಹಾಕಿದರೆ ದಿನಕ್ಕೆ 1 ಲಕ್ಷ ಡಾಲರ್‌ವರೆಗೆ ದಂಡ. ನೋಡಿ ಬರಲು ಅಡ್ಡಿ ಇಲ್ಲ, ಮುಟ್ಟುವ ಹಾಗಿಲ್ಲ. ಓದಲು ಬಲು ಗಟ್ಟಿ ಕಾನೂನು.

ತೊಡಕು ಇರುವುದು ಸಣ್ಣ ಅಕ್ಷರದಲ್ಲಿ. ಅಂತರರಾಷ್ಟ್ರೀಯ ಸಮುದ್ರದಲ್ಲಿ ಈ ಕಾಯ್ದೆ ಅಮೆರಿಕದ ಪ್ರಜೆಗಳನ್ನು ಕಟ್ಟಿಹಾಕುತ್ತದೆ. ಬೇರೆ ದೇಶದವರಿಗೆ ಅದನ್ನು ಅನ್ವಯಿಸಬೇಕಾದರೆ ಅಂತರರಾಷ್ಟ್ರೀಯ ಕಾನೂನೋ ಒಪ್ಪಂದವೋ ಒತ್ತಾಸೆಗೆ ಬೇಕು. ಬ್ರಿಟನ್ನಿನ ಸಮುದ್ರ ಗಡಿ 12 ನಾಟಿಕಲ್ ಮೈಲಿ. ಜೇಕಬ್ ಜೋನ್ಸ್ ಅದರಾಚೆ ಬಹಳ ದೂರ ಇದೆ. ನೀರಿನಡಿಯ ಹಳೆಯ ಹಡಗುಗಳಂಥ ಅವಶೇಷಗಳ ಬಗ್ಗೆ ಯುನೆಸ್ಕೊದ 2001ರ ಒಪ್ಪಂದ ಇದೆ, ಇದ್ದಲ್ಲೇ ಉಳಿಸುವುದು ಮೊದಲ ಆಯ್ಕೆ ಎನ್ನುತ್ತದೆ. ಅದಕ್ಕೆ ಅಮೆರಿಕವೂ ಸಹಿ ಹಾಕಿಲ್ಲ, ಬ್ರಿಟನ್ನೂ ಹಾಕಿಲ್ಲ. ಅದರ ನಿಯಮಗಳನ್ನು ಒಳ್ಳೆಯ ಪದ್ಧತಿ ಎಂದು ಒಪ್ಪುತ್ತಾರೆ, ಒಪ್ಪಂದಕ್ಕೆ ಮಾತ್ರ ಸೇರುವುದಿಲ್ಲ. ದೊಡ್ಡ ನೌಕಾಪಡೆಗಳ ಚಾಳಿಯೇ ಹೀಗೆ. ಕೈ ಕಟ್ಟಿಕೊಳ್ಳುವ ಕಾಗದಕ್ಕೆ ಸಹಿ ಹಾಕಲು ಮನಸ್ಸಿಲ್ಲ, ಆದರೆ ಉಳಿದವರೆಲ್ಲ ತಮ್ಮ ಹಡಗನ್ನು ಗೌರವಿಸಬೇಕು.

ಕಳ್ಳತನದ ಭಯ ಬರೀ ಊಹೆ ಅಲ್ಲ. 2016ರಲ್ಲಿ ಜಾವಾ ಸಮುದ್ರಕ್ಕೆ ಹೋದ ತಂಡಕ್ಕೆ ಆಘಾತ ಕಾದಿತ್ತು. 1942ರ ಯುದ್ಧದಲ್ಲಿ ಮುಳುಗಿದ ಡಚ್ಚರ ಡಿ ರೂಯ್ಟರ್ ಮತ್ತು ಜಾವಾ ಎಂಬ ಎರಡು ದೊಡ್ಡ ಹಡಗುಗಳು ಅಲ್ಲಿ ಇರಲೇ ಇಲ್ಲ. ಮರಳಿನಲ್ಲಿ ಹಡಗಿನ ಆಕಾರದ ಗುಂಡಿ ಮಾತ್ರ. ಬ್ರಿಟನ್ನಿನ ಎಕ್ಸೆಟರ್, ಅಮೆರಿಕದ ಪರ್ಚ್ ಎಂಬ ಜಲಾಂತರ್ಗಾಮಿಗೂ ಅದೇ ಗತಿ. ಅಮೆರಿಕದ ಪೋಪ್ ಎಂಬ ಡೆಸ್ಟ್ರಾಯರನ್ನು 2008ರಲ್ಲಿ ಪತ್ತೆ ಮಾಡಿದಾಗಲೇ ಅದು ಬಹುಪಾಲು ಖಾಲಿಯಾಗಿತ್ತು. ಕ್ರೇನ್ ಹೊತ್ತ ದೋಣಿ ತಂದು, ದೊಡ್ಡ ಕೊಕ್ಕೆ ಇಳಿಸಿ, ಹಡಗನ್ನೇ ಚೂರು ಚೂರಾಗಿ ಎತ್ತಿ ಗುಜರಿಗೆ ಮಾರಿದ್ದರು. ಕಂಚು, ಹಿತ್ತಾಳೆ, ತಾಮ್ರಕ್ಕೆ ಒಳ್ಳೆಯ ಬೆಲೆ. ಒಳಗಿದ್ದವರ ಎಲುಬೂ ಅದರ ಜೊತೆಗೇ ಹೋಯಿತು.

ಕಾರ್ನ್‌ವಾಲ್‌ನ ಆಚೆ ಅಷ್ಟು ರಾಜಾರೋಷವಾಗಿ ನಡೆಯಲಿಕ್ಕಿಲ್ಲ. ಆದರೆ ಗಂಟೆಗೆ ಕ್ರೇನ್ ಬೇಕಿಲ್ಲ. ಒಬ್ಬಿಬ್ಬರು ನುರಿತ ಡೈವರ್, ಒಂದು ಗಾಳಿ ತುಂಬುವ ಚೀಲ ಸಾಕು. ಹಡಗಿನ ಗಂಟೆ ಎಂದರೆ ಸಂಗ್ರಾಹಕರಿಗೆ ಹುಚ್ಚು. ಫೋಟೊ ಜಗತ್ತಿಗೆಲ್ಲ ಹೋಗಿದೆ, ಅಲ್ಲಿ ಹಡಗಿದೆ ಎಂದು ಎಲ್ಲರಿಗೂ ಗೊತ್ತು.

ಇಲ್ಲಿ ಆಳದ ಲೆಕ್ಕವೂ ಮುಖ್ಯ. ಫಿಲಿಪ್ಪೀನ್ಸ್ ಸಮುದ್ರದಲ್ಲಿ 2022ರಲ್ಲಿ ಸಿಕ್ಕ ಸ್ಯಾಮ್ಯುಯೆಲ್ ಬಿ. ರಾಬರ್ಟ್ಸ್ ಎಂಬ ಹಡಗು ಸುಮಾರು 6,900 ಮೀಟರ್ ಕೆಳಗಿದೆ. ಅದಕ್ಕೆ ಕಾನೂನೇ ಬೇಡ, ಆಳವೇ ಕಾವಲು. ದಡದ ಹತ್ತಿರದ ಹಡಗಿಗೆ ಹತ್ತು ಕಣ್ಣು ಇರುತ್ತವೆ, ಪೊಲೀಸರಿಗೂ ಕೈಗೆಟುಕುತ್ತದೆ. 115 ಮೀಟರ್, ದಡದಿಂದ 60 ಮೈಲಿ ಅಂದರೆ ಎರಡೂ ಅಲ್ಲದ ಜಾಗ. ಕಳ್ಳ ಇಳಿಯಬಹುದು, ಆದರೆ ನೋಡುವವರಿಲ್ಲ. ಡೈವಿಂಗ್ ಉಪಕರಣ ಸುಧಾರಿಸಿದ ಹಾಗೆಲ್ಲ ಈ ಮಧ್ಯದ ಆಳದ ಹಡಗುಗಳೇ ಒಂದೊಂದಾಗಿ ಸಿಗುತ್ತಿವೆ. ಮೊದಲ ಮಹಾಯುದ್ಧದ ಬ್ರಿಟನ್ನಿನ ಹಾಕ್ ಎಂಬ ಹಡಗು 2024ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡ್ ಆಚೆ ಸಿಕ್ಕಿದ್ದೂ ಹೆಚ್ಚುಕಡಿಮೆ ಇಷ್ಟೇ ಆಳದಲ್ಲಿ.

ಗಂಟೆ ಎತ್ತಿದ್ದು ಸರಿಯೇ? ಈ ಒಂದು ಪ್ರಕರಣಕ್ಕೆ ಸರಿ ಎನ್ನುತ್ತೇನೆ. ಗಂಟೆ ಸಮಾಧಿಯ ಒಳಗಿನ ವಸ್ತುವಲ್ಲ, ಅದನ್ನು ತೆಗೆಯಲು ಹಡಗಿನ ಒಡಲು ಕೆದಕಬೇಕಾಗಿಲ್ಲ. ಕದ್ದವನ ಮನೆಯ ಶೋಕೇಸಿಗಿಂತ ವಾಷಿಂಗ್ಟನ್ನಿನ ನೌಕಾ ಮ್ಯೂಸಿಯಂ ಮೇಲು. ಎತ್ತಿದ ಮೇಲೆ ಅದನ್ನು ಮೊದಲು ಇಂಗ್ಲೆಂಡಿನ ವೆಸೆಕ್ಸ್ ಆರ್ಕಿಯಾಲಜಿ ಸಂಸ್ಥೆಗೆ ಕೊಟ್ಟರು. ನೂರು ವರ್ಷ ಉಪ್ಪುನೀರಲ್ಲಿದ್ದ ಲೋಹವನ್ನು ಹಾಗೇ ಒಣಗಲು ಬಿಟ್ಟರೆ ಕೆಡುತ್ತದೆ. ನೀರಲ್ಲೇ ಇಟ್ಟು, ನೀರು ಬದಲಿಸುತ್ತಾ, ಉಪ್ಪನ್ನು ನಿಧಾನಕ್ಕೆ ಹೊರಗೆ ತೆಗೆಯಬೇಕು. ಕದ್ದವರು ಈ ಕಷ್ಟ ಎಲ್ಲಿ ಪಡುತ್ತಾರೆ?

ಆದರೆ ಇದನ್ನೇ ಪದ್ಧತಿ ಮಾಡಿಕೊಂಡರೆ ಕಷ್ಟ. ಅಮೆರಿಕ ನೌಕಾಪಡೆಯ ಲೆಕ್ಕದಲ್ಲಿ ಮುಳುಗಿದ ಹಡಗು, ವಿಮಾನ ಸೇರಿ 17 ಸಾವಿರಕ್ಕೂ ಜಾಸ್ತಿ ಇವೆ. ಎಷ್ಟರಿಂದ ಎತ್ತುತ್ತೀರಿ? ಇವತ್ತು ಗಂಟೆ, ನಾಳೆ ಫಿರಂಗಿ, ನಾಡಿದ್ದು ಪ್ರೊಪೆಲರ್. ಕಳ್ಳತನ ಆಗುತ್ತದೆ ಎಂಬ ನೆಪಕ್ಕೆ ಸರ್ಕಾರವೇ ಹಡಗು ಖಾಲಿ ಮಾಡಿದರೆ ‘ಮುಟ್ಟಬೇಡಿ’ ಎನ್ನುವ ಮಾತಿಗೆ ಬೆಲೆ ಎಲ್ಲಿ ಉಳಿಯಿತು? ಇದಕ್ಕೆ ಎದುರು ಒಂದು ಉದಾಹರಣೆ ನಮ್ಮ ದೇಶದ್ದೇ ಇದೆ. ಗಂಟೆಯ ಸುದ್ದಿ ಹೊರಬಂದ ಅದೇ 2024ರ ಫೆಬ್ರವರಿಯಲ್ಲಿ, 1971ರಲ್ಲಿ ವಿಶಾಖಪಟ್ಟಣದ ಹತ್ತಿರ ಮುಳುಗಿದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿಯನ್ನು ಭಾರತೀಯ ನೌಕಾಪಡೆ ಗುರುತಿಸಿದ ವರದಿ ಬಂತು. ಸತ್ತವರ ಗೌರವಕ್ಕೆ ಅದನ್ನು ಮುಟ್ಟದೆ ಬಿಟ್ಟರು. ಅದು ನಮ್ಮ ದಡದ ಹತ್ತಿರ, ನಮ್ಮ ನೌಕಾಪಡೆಯ ಮೂಗಿನಡಿ ಇದೆ. ಹಾಗಾಗಿ ಬಿಟ್ಟುಬಿಡುವುದು ಸುಲಭ. ಜೇಕಬ್ ಜೋನ್ಸ್‌ಗೆ ಆ ಭಾಗ್ಯ ಇಲ್ಲ.

ಅಂದ ಹಾಗೆ, ಹೆಸರಿನ ಅದೃಷ್ಟದ ಮಾತು ಬಾಕಿ ಇತ್ತು. ಅದೇ ಹೆಸರಿನ ಎರಡನೇ ಡೆಸ್ಟ್ರಾಯರನ್ನು 1942ರ ಫೆಬ್ರವರಿ 28ರಂದು ಅಮೆರಿಕದ ಪೂರ್ವ ಕರಾವಳಿಯಲ್ಲೇ ಇನ್ನೊಂದು ಜರ್ಮನ್ ಜಲಾಂತರ್ಗಾಮಿ, ಯು-578, ಮುಳುಗಿಸಿತು. ಬದುಕಿದ್ದು 11 ಜನ. ಆಗಲೂ ಹಡಗಿನ ಸಿಡಿಗುಂಡುಗಳೇ ನೀರಲ್ಲಿದ್ದವರನ್ನು ಕೊಂದವು.

ಮುಂದೆ ಮಾಡಬೇಕಾದ್ದು ಬೇಸರದ, ಹೆಸರು ಬಾರದ ಕೆಲಸ. ಅಮೆರಿಕ ಮತ್ತು ಬ್ರಿಟನ್ ಈ ಹಡಗುಗಳ ಬಗ್ಗೆ ಪರಸ್ಪರ ಒಪ್ಪಂದ ಮಾಡಿಕೊಳ್ಳಬೇಕು. ಬ್ರಿಟಿಷ್ ಡೈವರ್ ಅಮೆರಿಕದ ಹಡಗಿನಿಂದ ಕದ್ದರೆ ಬ್ರಿಟನ್ನಿನ ಕೋರ್ಟಿನಲ್ಲೇ ಕೇಸ್ ಆಗುವ ಹಾಗೆ. ಈಗಿನ ಹಡಗುಗಳು ತಾವಿರುವ ಜಾಗವನ್ನು ಸಂಕೇತದಲ್ಲಿ ಬಿತ್ತರಿಸುತ್ತಲೇ ಇರುತ್ತವೆ. ಈ ಒಂದು ಬಿಂದುವಿನ ಮೇಲೆ ಯಾವುದಾದರೂ ದೋಣಿ ಗಂಟೆಗಟ್ಟಲೆ ನಿಂತರೆ ಉಪಗ್ರಹದ ಮಾಹಿತಿಯಿಂದ ಗೊತ್ತಾಗುತ್ತದೆ. ಸಂಕೇತ ಆಫ್ ಮಾಡಿಕೊಂಡು ಬರುವವರನ್ನು ಹಿಡಿಯಲು ಇನ್ನೊಂದು ದಾರಿ ಇದೆ. 2022ರ ಡೈವರ್‌ಗಳ ವಿಡಿಯೊ ಹೇಗೂ ಇದೆ. ಕೆಲವು ವರ್ಷಕ್ಕೊಮ್ಮೆ ಅದೇ ತಂಡವನ್ನು ಅಧಿಕೃತವಾಗಿ ಕಳಿಸಿ, ಹೊಸ ವಿಡಿಯೊವನ್ನು ಹಳೆಯದರ ಪಕ್ಕ ಇಟ್ಟು ನೋಡಿದರೆ ಏನು ಕಾಣೆಯಾಗಿದೆ ಎಂದು ತಿಳಿಯುತ್ತದೆ. ಯಂತ್ರ ಇಳಿಸಿ ಗಂಟೆ ಎತ್ತುವುದಕ್ಕಿಂತ ಇದಕ್ಕೆ ಖರ್ಚು ಕಡಿಮೆಯೇ ಆದೀತು.